ಫಿನ್‌ಲ್ಯಾಂಡಿನಲ್ಲಿ ನಾನು ಕಟ್ಟಿದ ಗಂಟು

ಮಿರಜ ಸ್ಟೇಷನ್

ಮೊದಲೇ ಹೇಳಿಬಿಡುತ್ತೇನೆ, ಈ ಪ್ರವಾಸದಲ್ಲಿ ನಾನು ನೋಡಿದ್ದಕ್ಕಿಂತ ಹೆದರಿದ್ದೇ ಹೆಚ್ಚು. ಫಿನ್‌ಲ್ಯಾಂಡಿಗೆ ಹೋಗಿ ಬಂದವಳು ಎಂದ ಕೂಡಲೇ ಎಲ್ಲರೂ ಹಿಮದ ಬಗ್ಗೆ ಕೇಳುತ್ತಾರೆ. ಹಿಮ ನೋಡಿದೆ, ಸುಳ್ಳಲ್ಲ. ಆದರೆ ಆ ದೇಶದ ಹೆಸರು ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ನಾನು ಕಟ್ಟಿದ ಒಂದು ಗಂಟು. ಅದನ್ನೇ ಬರೆಯುತ್ತೇನೆ.

ನಾನು ಕಲ್ಲವ್ವ, ಕಾಗವಾಡ ತಾಲೂಕಿನ ಜುಗೂಳದವಳು. ಅಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲಿನವಳು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಕುರಿ ಹೊಡೆದುಕೊಂಡು ಹೋಗುವಾಗ ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಓದಿದ ಡಿಗ್ರಿ ಅದು. ಹೇಳಿಕೊಳ್ಳಲು ನಾಚಿಕೆ ಯಾಕೆ? ಈಗ ಅಥಣಿಯ ಒಂದು ಸಂಸ್ಥೆಯಲ್ಲಿ ವಿಶೇಷ ಶಿಕ್ಷಕಿ. ಮಾತು ಬಾರದ, ನಡಿಗೆ ತಡವಾದ, ಹೆಸರು ಹಿಡಿದು ಕರೆದರೂ ತಿರುಗದ ಸಣ್ಣ ಮಕ್ಕಳ ಮನೆಗೆ ಹೋಗಿ ಕಲಿಸುವುದು ನನ್ನ ಕೆಲಸ. ಇಂಥ ಮಕ್ಕಳಿಗಾಗಿ ಅಥಣಿಯಲ್ಲಿ ಒಂದು ಶಾಲೆಕೋಣೆ ತೆರೆಯಬೇಕೆಂದು ಸಂಸ್ಥೆಯವರು ಯೋಚಿಸಿ, ತರಬೇತಿಗೆ ಇಬ್ಬರನ್ನು ಫಿನ್‌ಲ್ಯಾಂಡಿಗೆ ಕಳಿಸಿದರು. ನಾನು ಮತ್ತು ನಿಪ್ಪಾಣಿಯ ವೈಶಾಲಿ. ತರಬೇತಿಯ ಕೊನೆಗೆ ಒಂದು ಪರೀಕ್ಷೆ. ಪಾಸಾದವರ ಕೈಗೆ ಕೋಣೆ. ಆಗದವರ ಕೈಗೆ ಮಕ್ಕಳನ್ನು ಕೊಡುವುದಿಲ್ಲ ಎಂದು ಸಂಸ್ಥೆಯ ಹಿರಿಯರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಮಿರಜ ಸ್ಟೇಷನ್ನಿಗೆ ಬಿಡಲು ಅಪ್ಪ, ಅವ್ವ ಇಬ್ಬರೂ ಬಂದಿದ್ದರು. ಕೃಷ್ಣೆಯ ದಂಡೆಯ ಮೇಲೆ ಬಾಳಿದ ಅವ್ವನಿಗೆ ಪರದೇಶವೆಂದರೂ ಮೊದಲು ನೆನಪಾಗುವುದು ನೀರು.

"ಅಲ್ಲಿ ಹೊಳಿ ಐತೇನ?"

"ಕೆರಿ ಅದಾವಂತವ್ವ. ಭಾಳ ದೊಡ್ಡೂವು."

"ಮೊಸಳಿ?"

"ಅಷ್ಟ ಥಂಡ್ಯಾಗ ಮೊಸಳಿ ಬದಕೂದಿಲ್ಲ."

"ಮತ್ತ ನೀ ಹೆಂಗ ಬದಕತಿ?" ಎಂದಳು ಅವ್ವ. ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಗಾಡಿ ಹೊರಟ ಮೇಲೂ ಆ ಪ್ರಶ್ನೆ ನನ್ನ ಮಗ್ಗುಲಲ್ಲೇ ಕುಳಿತಿತ್ತು.

ಆಕಾಶ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಚೀಲ ಬೇರೆ ದಾರಿ ಹಿಡಿಯಿತು. ಕೈಗೆ ಗ್ಲೌಸ್ ಹಾಕಿದ ಅಧಿಕಾರಿಯೊಬ್ಬ ಅದನ್ನು ಬಿಚ್ಚಿ, ಅವ್ವ ಕಟ್ಟಿಕೊಟ್ಟಿದ್ದ ಅಗಸಿ ಹಿಂಡಿಯ ಡಬ್ಬಿ ಹೊರಗೆ ತೆಗೆದ. ಕಂದು ಬಣ್ಣದ ಪುಡಿ. ಅವನ ಮುಖ ಬಿಗಿಯಿತು.

"ಏನಿದು?"

"ಚಟ್ನಿ," ಎಂದೆ.

ವೈಶಾಲಿ ಹಿಂದಿನಿಂದ ನನ್ನ ಕಿವಿಯಲ್ಲಿ, "ಅಗಬಾಯಿ, ಹಂಗ ನಡಗಬ್ಯಾಡ ಗ! ನಡಗಿದರ ಖರೇನ ಏನೋ ಮಾಡೀವಿ ಅನ್ನಕೋತಾನ," ಎಂದಳು. ವೈಶಾಲಿಯ ಮಾತಿನಲ್ಲಿ ಮರಾಠಿ ಕನ್ನಡ ಎರಡೂ ಒಂದೇ ತಾಟಿನಲ್ಲಿ ಉಣ್ಣುತ್ತವೆ. ಅವಳು ನನಗಿಂತ ಧೈರ್ಯವಂತೆ, ಅಥವಾ ಹೆದರಿದಾಗ ಮಾತಾಡುವವಳು. ನಾನು ಹೆದರಿದಾಗ ಬಾಯಿ ಮುಚ್ಚುವವಳು.

ಅಧಿಕಾರಿ ಡಬ್ಬಿಯ ಹತ್ತಿರ ಮೂಗು ಒಯ್ದ. ಒಣಮೆಣಸಿನಕಾಯಿ ತನ್ನ ಕೆಲಸ ಮಾಡಿತು. ಸೀನಿದ, ಮತ್ತೆ ಸೀನಿದ, ಕಣ್ಣೊರೆಸಿಕೊಂಡು ಡಬ್ಬಿ ಮುಚ್ಚಿ ನಮ್ಮ ಕಡೆ ತಳ್ಳಿದ. ಇಂಥದನ್ನು ತಿನ್ನುವವರನ್ನು ಹಿಡಿದಿಟ್ಟುಕೊಂಡು ಏನು ಪ್ರಯೋಜನ ಎಂದುಕೊಂಡಿರಬೇಕು.

ವಿಮಾನ ಏಳುವಾಗ ಮಗ್ಗುಲಿನವರ ಮುಂಗೈ ಹಿಡಿದುಬಿಟ್ಟೆ. ಕಣ್ಣು ತೆರೆದರೆ ಅದು ವೈಶಾಲಿಯದಲ್ಲ, ಆ ಕಡೆಯ ಸೀಟಿನ ಬಿಳಿ ಮುದುಕನದು. ಆತ ಕೈ ಬಿಡಿಸಿಕೊಳ್ಳಲಿಲ್ಲ, ನಗಲೂ ಇಲ್ಲ. ವಿಮಾನ ಸಮ ಆದ ಮೇಲೆ ಇನ್ನೊಂದು ಕೈಯಿಂದ ಜೇಬಿನ ಚಾಕಲೇಟು ತೆಗೆದು ನನ್ನ ಮುಂದಿಟ್ಟು, ಮತ್ತೆ ತನ್ನ ಪುಸ್ತಕ ಓದತೊಡಗಿದ. ಇಳಿಯುವವರೆಗೂ ಒಂದು ಮಾತಿಲ್ಲ. ಫಿನ್‌ಲ್ಯಾಂಡಿನ ಜನರ ಸ್ವಭಾವದ ಮೊದಲ ಪಾಠ ಅದು.

ಸರೋವರದ ಊರು

ಊರಿನ ಹೆಸರು ಬರೆಯುವುದಿಲ್ಲ. ಸಣ್ಣ ಊರು; ಬರೆದರೆ ಯಾವ ಮಗು, ಯಾರ ಮಗು ಎಂದು ತಿಳಿದುಬಿಡುತ್ತದೆ.

ಅಲ್ಲಿ ಬಸ್ಸಿಗೆ ಕಾಯುವವರು ಒಬ್ಬರಿಗೊಬ್ಬರು ಅಷ್ಟಷ್ಟು ದೂರ ನಿಲ್ಲುತ್ತಾರೆ, ಜಗಳವಾಡಿ ಬಂದವರ ಹಾಗೆ. ನಮ್ಮ ಚಿಕ್ಕೋಡಿ ಬಸ್ಸಿನಲ್ಲಿ ರಾಯಬಾಗ ಬರುವುದರೊಳಗೆ ಮಗ್ಗುಲಿನವಳಿಗೆ ನಿಮ್ಮ ಲಗ್ನ, ಪಗಾರ, ಹೊಟ್ಟೆನೋವು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಮೊದಲು ಹಿತವೆನಿಸಿತು, ಆಮೇಲೆ ಅಂಜಿಕೆ. ಈ ದಾರಿಯಲ್ಲಿ ನಾನು ದೊಪ್ಪನೆ ಬಿದ್ದರೆ ಇವರು ಹತ್ತಿರ ಬಂದಾರೋ, ದೂರ ನಿಂತೇ ಇರುತ್ತಾರೋ?

ಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತಾರೆ. ಅಷ್ಟೊಂದು ಪರಕೀಯತೆಯ ನಡುವೆ ಅದೊಂದು ನಮ್ಮದು. ಇನ್ನೊಂದು ಸಿಕ್ಕಿದ್ದು ಊಟದ ಮೇಜಿನ ಮೇಲೆ. ರೈ ಎಂಬ ಕಪ್ಪು ಧಾನ್ಯದ, ದುಂಡನೆಯ, ಒಣಗಿ ಕಟಕಟ ಎನ್ನುವ ಒಂದು ರೊಟ್ಟಿ.

"ಕಲ್ಲವ್ವಾ, ಇದು ನಮ್ಮ ಕಡಕ ರೊಟ್ಟಿನ ಅಲ್ಲೇನ!" ಎಂದು ವೈಶಾಲಿ ಎತ್ತಿ ಹಿಡಿದಳು. "ನಡುವ ತೂತ ಯಾಕ ಮಾಡ್ಯಾರ?"

"ಇಲಿ ಕಡದಿರಬೇಕ."

"ಇಷ್ಟ ಗುಂಡಾಗಿ ಕಡಿಯೂ ಇಲಿ? ಅದೂ ಟ್ರೇನಿಂಗ್ ಮಾಡಿರಬೇಕ."

ಹಿಂದಿನ ಕಾಲದಲ್ಲಿ ಈ ರೊಟ್ಟಿಗಳನ್ನು ಕೋಲಿಗೆ ಪೋಣಿಸಿ ಛಾವಣಿಗೆ ತೂಗುಹಾಕುತ್ತಿದ್ದರಂತೆ, ಅದಕ್ಕೇ ತೂತು. ಅಗಸಿ ಹಿಂಡಿ ಹಚ್ಚಿಕೊಂಡು ತಿಂದೆವು. ಅಲ್ಲಿದ್ದಷ್ಟು ದಿನ ನಾನು ನಿಶ್ಚಿಂತೆಯಿಂದ ನಕ್ಕಿದ್ದು ಆ ಊಟದಲ್ಲಿ ಮಾತ್ರ.

ಯಾಕೆಂದರೆ ಮರುದಿನ ಸರೋವರ ನೋಡಿದೆ. ನಾವು ಕಲಿಯಬೇಕಾದ ಮಕ್ಕಳ ಶಾಲೆಯ ಹಿಂದೆ ಬೇಲಿ, ಬೇಲಿಯಾಚೆ ಬಿಳಿ ತೊಗಟೆಯ ಮರಗಳ ಇಳಿಜಾರು, ಅದರ ತುದಿಗೆ ನೀರು. ಚಳಿಗಾಲ ಮುಗಿಯುತ್ತ ಬಂದಿತ್ತು. ನಡುವೆ ಇನ್ನೂ ಬೂದು ಬಣ್ಣದ ಮಂಜುಗಡ್ಡೆ, ದಂಡೆಯ ಉದ್ದಕ್ಕೂ ಅದು ಕರಗಿ ಕಪ್ಪು ನೀರು. ನಿಂತು ನೋಡುವಾಗ ಒಳಗಿನಿಂದ ಒಂದು ಸದ್ದು ಬಂತು, ಈಯಲಾರದೆ ನರಳುವ ಎಮ್ಮೆಯ ಹಾಗೆ. ನಾನು ಹಿಂದಕ್ಕೆ ಹಾರಿದೆ. ಮಂಜುಗಡ್ಡೆ ಒಡೆಯುವ ಸದ್ದಂತೆ. ಕೃಷ್ಣೆಗೆ ಮಹಾಪೂರ ಬಂದಾಗ ಊರಿಗೆ ಊರೇ ಕೂಗಾಡುತ್ತದೆ. ಇಲ್ಲಿ ನೀರೊಂದೇ ನರಳುತ್ತಿತ್ತು, ಜನ ನಾಯಿ ಹಿಡಿದುಕೊಂಡು ಸುಮ್ಮನೆ ಅಡ್ಡಾಡುತ್ತಿದ್ದರು.

ಅಂಗಳ

ನಮಗೆ ಕಲಿಸುವವರು ಮಾರ್ಯತ್ತ ಎಂಬ ಹಿರಿಯ ಶಿಕ್ಷಕಿ. ಇಲ್ಲಿ ಮೇಡಂ ಅನ್ನುವ ರೂಢಿಯಿಲ್ಲ, ಹೆಸರು ಹಿಡಿದು ಕರೆಯಿರಿ ಎಂದರು. ನನ್ನ ನಾಲಗೆ ಕೇಳಲಿಲ್ಲ. ನಮ್ಮ ಕಡೆ ಶಿಕ್ಷಕಿಯರಿಗೆ ಬಾಯಾರು ಎನ್ನುತ್ತೇವೆ; ಮನಸ್ಸಿನಲ್ಲಿ ಅವರು ಮಾರ್ಯತ್ತ ಬಾಯಾರೇ ಆದರು. ಅವರದೂ ನಮ್ಮದೂ ಅರೆಬರೆ ಇಂಗ್ಲಿಷು. ಇಲ್ಲಿ ಬರೆದ ಅವರ ಮಾತುಗಳೆಲ್ಲ ನನಗೆ ಅರ್ಥವಾದ ಹಾಗೆ ಕನ್ನಡಕ್ಕೆ ಬಂದವು.

ನನ್ನ ಪಾಲಿಗೆ ಬಂದ ಮಗು ಹೆಲ್ಮಿ. ನಾಲ್ಕು ವರ್ಷದ ಹುಡುಗಿ, ಹಳದಿ ಟೊಪ್ಪಿಗೆ. ಮಾತಿಲ್ಲ. ಕರೆದರೆ ನೋಡುವುದಿಲ್ಲ. ನೀರು ಕಂಡರೆ ಮಾತ್ರ ಅವಳ ಮೈಯೆಲ್ಲ ಕಣ್ಣಾಗುತ್ತದೆ, ಬಾಗಿಲ ಸಂದು ಸಿಕ್ಕರೂ ಸಾಕು, ಓಡುತ್ತಾಳೆ. ಇಂಥ ಮಕ್ಕಳನ್ನು ನಾನು ಊರಲ್ಲೂ ನೋಡಿದ್ದೆ. ಆದರೆ ಅಲ್ಲಿ ನಾನು ಅವರ ಮನೆಗೆ ಹೋಗಿ ಕುಳಿತು ಎದ್ದು ಬರುತ್ತಿದ್ದೆ. ಕಾಯುವುದು ತಾಯಿಯ ಪಾಲು. ಇಲ್ಲಿ ಕಾಯುವುದೂ ನನ್ನದೇ.

ಬಾಯಾರು ಕಲಿಸಿದ್ದರಲ್ಲಿ ಹೆಚ್ಚಿನದು ಏನೂ ಮಾಡದಿರುವುದು. ಹೆಲ್ಮಿ ಹೊರಗೆ ಹೋಗಲು ಉಣ್ಣೆ ಕಾಲುಚೀಲ, ದಪ್ಪ ಮೇಲಂಗಿ, ಬೂಟು, ಕೈಗವಸು ಎಲ್ಲ ಹಾಕಬೇಕು. ಗೋಡೆಯ ಮೇಲೆ ಅವುಗಳ ಚಿತ್ರ ಸಾಲಾಗಿ ಅಂಟಿಸಿದ್ದರು. ಅವಳು ಒಂದು ಬೂಟು ಹಿಡಿದು ಕುಳಿತರೆ ನಮ್ಮೂರಿನ ಕೈ ಸುಮ್ಮನಿರುತ್ತದೆಯೇ? ನಾನು ಹೋಗಿ ತೊಡಿಸಿದೆ. ಬಾಯಾರು ಬಂದು, ಬೈಯದೆ, ಆ ಬೂಟು ಕಳಚಿ ಮತ್ತೆ ಹೆಲ್ಮಿಯ ಕೈಗೇ ಕೊಟ್ಟರು. "ಕಾಯಿರಿ," ಎಂದರು. ಕಾಯ್ದೆ. ನನ್ನ ಬೆರಳುಗಳು ತೊಡೆಯ ಮೇಲೆ ಒದ್ದಾಡಿದವು. ವೈಶಾಲಿ ಬಾಗಿಲಲ್ಲಿ ಇಣುಕಿ, "ಏನ ಬೇ, ಇನ್ನೂ ಒಂದ ಕಾಲ ಆಗಿಲ್ಲ? ನಮ್ಮ ನಿಪ್ಪಾಣ್ಯಾಗ ಇಷ್ಟ ಹೊತ್ತಿಗೆ ಮದುಮಗಳ ಶೃಂಗಾರ ಮುಗೀತದ," ಎಂದು ಹೋದಳು.

ನಿಲ್ಲುವ ಆಟವನ್ನೂ ಕಲಿಸಿದರು. ಅಂಗಳದಲ್ಲಿ ಹೆಲ್ಮಿಯ ಎದುರಿಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋಗಿ, ಅಂಗೈ ಎತ್ತಿ ನಿಲ್ಲಬೇಕು. ಅವಳೂ ನಿಂತರೆ ಕೈ ತಟ್ಟಿ ಮತ್ತೆ ನಡೆಯಬೇಕು. ಬೆನ್ನು ಹತ್ತಿ ಓಡಬಾರದು. ಓಡಿದರೆ ಅವಳಿಗೆ ಅದೇ ಆಟ, ಇನ್ನೂ ಜೋರು ಓಡುತ್ತಾಳೆ. ನನಗೆ ಇದು ತಲೆಕೆಳಗು. ಕುರಿ ಕಾಯುವವರ ಮಗಳು ನಾನು, ಹಿಂದಿನಿಂದ ಹೊಡೆದುಕೊಂಡು ಹೋಗಿಯೇ ಗೊತ್ತು.

ಎಲ್ಲದಕ್ಕಿಂತ ಮೇಲಿನ ನಿಯಮ ಒಂದಿತ್ತು. ನೀರಿನ ಹತ್ತಿರ ಹೋದರೆ ನೀರಿಗೂ ಮಗುವಿಗೂ ನಡುವೆ ದೊಡ್ಡವರು ನಿಲ್ಲಬೇಕು. ಮಗುವಿನ ಹಿಂದಲ್ಲ, ಮಗ್ಗುಲಲ್ಲ. ನೀರಿನ ಕಡೆ.

ಪರೀಕ್ಷೆ ಏನೆಂದು ಆಮೇಲೆ ಹೇಳಿದರು. ಹೆಲ್ಮಿಯನ್ನು ಕರೆದುಕೊಂಡು ಬೇಲಿಯ ಬಾಗಿಲು ದಾಟಿ ಸರೋವರದ ದಂಡೆಗೆ ಹೋಗಬೇಕು. ಸ್ವಲ್ಪ ಹೊತ್ತು ಆಡಿಸಿ ವಾಪಸು ಬರಬೇಕು. ಬಾಯಾರು ದೂರ ನಿಂತು ನೋಡುತ್ತಾರೆ.

"ದಂಡೆಗೇ ಯಾಕೆ? ಅಂಗಳ ಇದೆಯಲ್ಲ?" ಎಂದು ಕೇಳಿದೆ.

"ಅವಳ ಮನೆ ಇದೇ ದಂಡೆಯ ಮೇಲಿದೆ. ಬದುಕೆಲ್ಲ ಬೇಲಿಯೊಳಗೆ ಇರಲಾರಳು," ಎಂದರು ಬಾಯಾರು.

ಪಾಸಾಗದಿದ್ದರೆ ಅಥಣಿಯ ಕೋಣೆ ಹೋಗುತ್ತದೆ, ಅದು ಒಂದು ಹೆದರಿಕೆ. ಕೈ ಜಾರಿದರೆ ಮಗುವೇ ಹೋಗುತ್ತದೆ, ಅದರ ಮುಂದೆ ಮೊದಲಿನದು ಹೆದರಿಕೆಯೇ ಅಲ್ಲ.

ದಂಡೆ

ಪರೀಕ್ಷೆಯ ದಿನ ಬೇಲಿಯ ಬಾಗಿಲು ದಾಟುತ್ತಲೇ ಹೆಲ್ಮಿ ನನ್ನ ಕೈ ಕೊಡವಿದಳು. ಒದ್ದೆ ಎಲೆಗಳ ಮೇಲೆ ನನ್ನ ಬೂಟು ಜಾರಿತು. ಅವಳು ನಾಲ್ಕು ನೆಗೆತಕ್ಕೆ ಇಳಿಜಾರಿನ ನಡುವೆ ಹೋಗಿದ್ದಳು. ಮರಗಳ ಸಂದಿಯಲ್ಲಿ ಕಪ್ಪು ನೀರು ಕಂಡಿತು. ಓಡಿದೆ. ಕಲಿತ ಆಟ, ಎತ್ತಬೇಕಾದ ಅಂಗೈ ಯಾವುದೂ ನೆನಪಾಗಲಿಲ್ಲ. ಓಡಿ ಹೋಗಿ ಮೇಲಂಗಿ ಹಿಡಿದು ಎಳೆದುಕೊಂಡೆ.

ಆಮೇಲೆ ನನ್ನ ಕೈ ಮಾಡಿದ್ದು ಅದಕ್ಕೆ ಮೊದಲಿನಿಂದ ಗೊತ್ತಿದ್ದ ಕೆಲಸ. ಕೊರಳಿನ ದುಪಟ್ಟಾ ತೆಗೆದು ಒಂದು ತುದಿ ಹೆಲ್ಮಿಯ ಸೊಂಟಕ್ಕೆ, ಇನ್ನೊಂದು ತುದಿ ನನ್ನ ಸೊಂಟಕ್ಕೆ ಬಿಗಿದು ಗಂಟು ಹಾಕಿದೆ. ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಕೆಲಸಕ್ಕೆ ಹೋದ ತಾಯಿ ಮಗುವನ್ನು ಹಳೆಯ ಸೀರೆಯಿಂದ ಗಿಡಕ್ಕೆ ಕಟ್ಟುತ್ತಾಳೆ. ಹೊಳೆಯ ಮೇಲೆ ಬಟ್ಟೆ ಒಗೆಯುವಾಗ ಅವ್ವ ನನ್ನನ್ನೂ ಸೆರಗಿಗೆ ಕಟ್ಟಿಕೊಂಡವಳೇ. ಅದನ್ನು ಯಾರೂ ಶಿಕ್ಷೆ ಎನ್ನುವುದಿಲ್ಲ. ಪ್ರೀತಿಯಿಲ್ಲದವಳು ಕಟ್ಟದೆ ಬಿಡುತ್ತಾಳೆ.

ಗಂಟು ಬಿಗಿಯಾಯಿತು. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ದಂಡೆಯ ಕಲ್ಲಿನ ಮೇಲೆ ಕುಳಿತೆ. ಹೆಲ್ಮಿ ಮಗ್ಗುಲಲ್ಲಿ ಸಣ್ಣ ಕಲ್ಲುಗಳ ಜೊತೆ ಇದ್ದಳು. ಮಂಜುಗಡ್ಡೆಯ ಮೇಲೆ ಬಿಸಿಲು ಬಿದ್ದಿತ್ತು. ಅಪ್ಪನಿಗೆ ತೋರಿಸೋಣವೆಂದು ಫೋನು ತೆಗೆದು ಫೋಟೋ ಹಿಡಿದೆ.

ಬಾಯಾರು ಓಡುತ್ತ ಬಂದರು. ಆ ವಯಸ್ಸಿನವರು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ನನ್ನ ಕಡೆ ನೋಡಲೇ ಇಲ್ಲ. ಹೆಲ್ಮಿಯ ಮುಂದೆ ಮೊಣಕಾಲೂರಿ, ಅವಳ ದವಡೆ ಹಿಡಿದು, ಬಾಯೊಳಗೆ ಬೆರಳು ಹಾಕಿ ಒಂದು ಕಲ್ಲು ತೆಗೆದರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಮತ್ತೆ ಬೆರಳು ಹಾಕಿ ಇನ್ನೊಂದು ತೆಗೆದರು. ಅಂಗೈಯಲ್ಲಿ ಅವೆರಡನ್ನೂ ನನಗೆ ತೋರಿಸಿದರು. ಆಮೇಲೆ ನನ್ನ ಗಂಟನ್ನು ಬಿಚ್ಚಲು ಕುಳಿತರು. ಗಂಟು ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು.

ಕಾಫಿ

ಅಲ್ಲಿ ಏನೇ ಆದರೂ ಮೊದಲು ಕಾಫಿ ಕೊಡುತ್ತಾರೆ. ಬೈಯುವವರು ಕಾಫಿ ಯಾಕೆ ಕೊಡುತ್ತಾರೆ ಎಂದು ನನಗೆ ಇನ್ನೂ ಭಯವಾಯಿತು.

ಮಗುವನ್ನು ಕಟ್ಟುವುದು ಇಲ್ಲಿ ತಪ್ಪು, ಶಾಲೆಯ ಮುಖ್ಯಸ್ಥರಿಗೂ ತಾಯಿಗೂ ತಿಳಿಸಲೇಬೇಕು ಎಂದರು ಬಾಯಾರು. ನಾನು ನಮ್ಮ ಕಡೆಯ ತಾಯಂದಿರ ವಿಷಯ ಹೇಳಿದೆ. ಅಡ್ಡ ಬರದೆ ಎಲ್ಲ ಕೇಳಿಸಿಕೊಂಡರು.

"ನೀವು ಜಾರಿ ನೀರಿಗೆ ಬಿದ್ದಿದ್ದರೆ?" ಎಂದರು.

ನನಗೆ ಈಜು ಬರುವುದಿಲ್ಲ. ಅದನ್ನು ಹೇಳಲಿಲ್ಲ.

"ಕಟ್ಟಿದ ಮೇಲೆ ನೀವು ಅವಳನ್ನು ಒಂದು ಸಲವಾದರೂ ನೋಡಿದಿರಾ?"

ಫೋಟೋ ಇದ್ದ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟೆ. ಕಾಫಿ ಆರಿತು.

ಮುಂದೇನು ಎಂಬುದು ತಾಯಿಯ ಕೈಯಲ್ಲಿದೆ ಎಂದರು. ಹೆಲ್ಮಿಯ ತಾಯಿ ಒಪ್ಪಿದರೆ ಇನ್ನೊಂದು ಸಲ ಪರೀಕ್ಷೆ. ಒಪ್ಪದಿದ್ದರೆ ಇಲ್ಲ.

ಕೋಣೆಗೆ ಬಂದು ಹಾಸಿಗೆಯ ಮೇಲೆ ಕುಳಿತೆ. ವೈಶಾಲಿ ತನ್ನ ಪರೀಕ್ಷೆ ಮುಗಿಸಿ ಪಾಸಾಗಿ ಬಂದಿದ್ದಳು. ನನ್ನ ಮುಖ ನೋಡಿ ಖುಷಿಯನ್ನು ನುಂಗಿಕೊಂಡಳು.

"ಕಾಯ ಝಾಲ ಗ? ಏನಾತ? ಬಾಯಿ ಬಿಡ."

ಹೇಳಿದೆ.

"ಕಲ್ಲ ನುಂಗಿಲ್ಲಲಾ?"

"ಇಲ್ಲ."

"ಹಂಗಾದ್ರ ದೇವರ ದೊಡ್ಡಾಂವ. ಉಳದದ್ದ ಆಮ್ಯಾಲ." ನನ್ನ ಮಗ್ಗುಲಿಗೆ ಕುಳಿತು ಮೆಲ್ಲಗೆ ಹೇಳಿದಳು, "ನಾ ಇದ್ದಿದ್ರೂ ಕಟ್ಟತಿದ್ನೇನೋ ಕಲ್ಲವ್ವಾ. ಖರೇ ಹೇಳ್ತೀನಿ."

ಅವ್ವನಿಗೆ ಫೋನು ಮಾಡಿದೆ. ಏನೂ ಹೇಳಬಾರದೆಂದು ಮಾಡಿದವಳು ಎಲ್ಲ ಹೇಳಿಬಿಟ್ಟೆ.

"ಕಟ್ಟಿದ್ರ ಏನಾತ? ನಿನಗ ಕಟ್ಟೇ ಬೆಳಸೀನಿ ನಾ," ಎಂದು ಅವ್ವ ರೇಗಿದಳು. "ಡಿಗ್ರಿ ಮಾಡೀದಿಲ್ಲೋ? ನಿನಗೇನ ಆಗೇತಿ?"

"ಕಟ್ಟಿದ ಮ್ಯಾಲ ನೀ ನನ್ನ ನೋಡ್ತಿದ್ದೇನವ್ವ?"

"ನೋಡೂದ್ಯಾಕ? ಅರಿವಿ ಒಗೀಲೇನ, ನಿನ್ನ ನೋಡ್ಲೇನ? ನೋಡಾಕ ಆಗೂದಿಲ್ಲಂತನ ಕಟ್ಟೂದ!"

ಫೋನು ಇಟ್ಟೆ. ಅವ್ವನ ಮೇಲೆ ಸಿಟ್ಟು ಬರಲಿಲ್ಲ. ಅವಳಿಗೆ ಇದ್ದದ್ದು ಎರಡೇ ಕಣ್ಣು, ಎರಡೇ ಕೈ, ರಾಶಿ ಬಟ್ಟೆ. ನನಗೆ ಏನಿತ್ತು? ಒಂದು ಫೋಟೋ.

ಬಟ್ಟೆ ಒಣಗುವ ಕೋಣೆ

ಹೆಲ್ಮಿಯ ತಾಯಿಯ ಹೆಸರು ತೀನಾ. ನನ್ನಷ್ಟೇ ವಯಸ್ಸು. ಮರುದಿನ ಶಾಲೆಯವರು ಅವಳನ್ನೂ ನನ್ನನ್ನೂ ಸಭೆಗೆ ಕರೆಸಿದರು. ಬಾಯಾರು ಹೇಳುವುದನ್ನೆಲ್ಲ ಮೇಜಿನ ಅಂಚು ನೋಡುತ್ತ ಕೇಳಿದಳು. ಕೊನೆಗೆ, "ನಾನು ಇವರ ಜೊತೆ ಒಬ್ಬಳೇ ಮಾತಾಡಬೇಕು," ಎಂದಳು.

ಮಕ್ಕಳ ಒದ್ದೆ ಬಟ್ಟೆ ಒಣಗಿಸುವ ಸಣ್ಣ ಕೋಣೆಯೊಂದಿದೆ. ಬೆಚ್ಚಗಿರುತ್ತದೆ, ಉಣ್ಣೆಯ ವಾಸನೆ. ನಮ್ಮ ಕುರಿಹಟ್ಟಿಯ ವಾಸನೆಯೇ. ಅಲ್ಲಿಗೆ ಕರೆದೊಯ್ದು ಬಾಗಿಲು ಹಾಕಿದಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು, ಹೊಡೆಸಿಕೊಳ್ಳೋಣ ಎಂದು ನಿಂತೆ.

"ಹೇಗೆ ಕಟ್ಟಿದಿರಿ?" ಎಂದಳು.

ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ.

"ಆ ಗಂಟು. ಅವಳು ಬಿಚ್ಚಿಕೊಳ್ಳಲಿಲ್ಲವಂತೆ. ಅವಳು ಎಲ್ಲವನ್ನೂ ಬಿಚ್ಚಿಕೊಳ್ಳುತ್ತಾಳೆ. ಬಾಗಿಲಿಗೆ ಮೇಲೆ ಚಿಲಕ ಹಾಕಿಸಿದೆ, ಕುರ್ಚಿ ಎಳೆದು ತೆಗೆದಳು. ಗಂಟೆ ಕಟ್ಟಿಸಿದೆ, ಅದು ಬಡಿಯುವುದರೊಳಗೆ ದಂಡೆಯ ಮೇಲಿದ್ದಳು." ನನ್ನ ದುಪಟ್ಟಾದ ಕಡೆ ಬೆರಳು ಮಾಡಿದಳು. "ನನಗೆ ತೋರಿಸಿ. ಯಾರಿಗೂ ಹೇಳುವುದಿಲ್ಲ."

ಅಥಣಿಯ ಕೋಣೆ, ಅಲ್ಲಿಯ ಮಕ್ಕಳು, ನನ್ನ ಡಿಗ್ರಿಯ ಮಾನ ಎಲ್ಲ ಇವಳ ಒಂದು ಹೂಂ ಮೇಲೆ ನಿಂತಿತ್ತು. ತೋರಿಸಿದರೆ ಹೂಂ ಎನ್ನುತ್ತಾಳೆ. ತೋರಿಸುವುದಕ್ಕೆ ಒಂದು ಗಳಿಗೆ ಸಾಕು. ಆ ಇಡೀ ದೇಶದವರಲ್ಲಿ ನನ್ನ ಗಂಟನ್ನು ತಪ್ಪೆನ್ನದೆ ನೋಡಿದವಳು ಅವಳೊಬ್ಬಳೇ.

"ಕಟ್ಟಿದ ಮೇಲೆ ನಾನು ಅವಳನ್ನು ನೋಡಲಿಲ್ಲ," ಎಂದೆ. "ಅದಕ್ಕೇ ಕಲ್ಲು ಬಾಯಿಗೆ ಹೋಯಿತು. ಗಂಟು ಇದೆಯಲ್ಲ ಎಂದು ಕಣ್ಣು ಸುಮ್ಮನಾಯಿತು."

ತೀನಾ ನನ್ನನ್ನು ನೇರ ನೋಡಿದಳು. ಅಲ್ಲಿಯ ಜನ ಅಳುವಾಗಲೂ ಸದ್ದು ಮಾಡುವುದಿಲ್ಲ.

"ನನಗೂ ಅದೇ ಬೇಕು," ಎಂದಳು. "ಸ್ವಲ್ಪ ಹೊತ್ತು ಅವಳನ್ನು ನೋಡದೆ ಇರುವುದು."

ನಾನು ದುಪಟ್ಟಾವನ್ನು ಕೊರಳಿನಿಂದ ತೆಗೆದೆ. ಅವಳು ಮುಂದೆ ಬಂದಳು. ಅದನ್ನು ಮಡಚಿ ಒಣಗುವ ಬಟ್ಟೆಗಳ ಸಾಲಿನಲ್ಲಿ ಇಟ್ಟೆ.

"ಇದನ್ನು ಕಲಿಸುವುದಿಲ್ಲ. ನಾಳೆ ನೀವೂ ಬನ್ನಿ ದಂಡೆಗೆ. ನಾನು ನೋಡುತ್ತೇನೆ, ನೀವು ನೋಡಬೇಡಿ," ಎಂದೆ.

ನಿನ್ನೆ ಕಲ್ಲು ನುಂಗಿಸಲಿದ್ದವಳು ಇವತ್ತು ಈ ಮಾತು ಆಡುತ್ತಿದ್ದೇನೆ. ತೀನಾ ಕಣ್ಣೊರೆಸಿಕೊಂಡಳು. ಬಾಗಿಲು ತೆಗೆದು ಹೊರಗೆ ಹೋದಳು. ಸಂಜೆ ಬಾಯಾರು ಬಂದು, ತಾಯಿ ಒಪ್ಪಿದ್ದಾಳೆ, ತಾನೂ ಬರುತ್ತಾಳಂತೆ ಎಂದರು.

ನೀರಿನ ಕಡೆ

ಮರುದಿನ ಗಾಳಿ ಇತ್ತು. ಮಂಜುಗಡ್ಡೆ ಇನ್ನಷ್ಟು ಹಿಂದೆ ಸರಿದು ಕಪ್ಪು ನೀರು ಅಗಲವಾಗಿತ್ತು. ಬಾಯಾರು ಮರಗಳ ನಡುವೆ ನಿಂತರು. ತೀನಾ ಒಂದು ಡಬ್ಬಿಯಲ್ಲಿ ಕಾಫಿ ತಂದಿದ್ದಳು. ದಂಡೆಯ ಮೇಲೆ ಒಂದು ಬೆಂಚು, ಅದರ ಮುಖ ಸರೋವರದ ಕಡೆ. ತೀನಾ ಹೋಗಿ ಸರೋವರದ ಕಡೆಗೇ ಮುಖ ಮಾಡಿ, ತುದಿಯಲ್ಲಿ, ಈಗ ಎದ್ದೇನು ಆಗ ಎದ್ದೇನು ಎಂಬಂತೆ ಕುಳಿತಳು.

ನಾನು ಹೆಲ್ಮಿಗಿಂತ ಮೊದಲು ಇಳಿದು ನೀರಿಗೆ ಬೆನ್ನು ಕೊಟ್ಟು ನಿಂತೆ. ಕೃಷ್ಣೆಗೆ ನಾನು ಎಂದೂ ಬೆನ್ನು ಕೊಟ್ಟು ನಿಂತವಳಲ್ಲ. ಮೊಸಳೆ ಇರುವ ನೀರಿಗೆ ಯಾರೂ ಹಾಗೆ ನಿಲ್ಲುವುದಿಲ್ಲ. ಹಿಮ್ಮಡಿಯ ಹಿಂದೆ ನೀರು ಕಲ್ಲಿಗೆ ಬಡಿಯುವ ಸದ್ದು. ಒಂದು ಹೆಜ್ಜೆ ತಪ್ಪಿದರೆ ನಾನು ಒಳಗೆ. ಬೆನ್ನಿಗೆ ಕಣ್ಣಿಲ್ಲ, ಇರುವ ಎರಡು ಕಣ್ಣನ್ನೂ ಹೆಲ್ಮಿಯ ಮೇಲೆ ಇಟ್ಟೆ. ಅವಳ ಕೈ, ಬಾಯಿ, ಬೂಟಿನ ತುದಿ. ಅವಳು ಒಂದು ಕಲ್ಲು ಎತ್ತಿದಳು. ನಾನು ಕೈ ಚಾಚಿದೆ. ಕಾಯ್ದೆ. ಕಲ್ಲು ತುಟಿಯ ಹತ್ತಿರ ಹೋಯಿತು. ಕೈ ಚಾಚಿಯೇ ಇದ್ದೆ. ಅವಳು ಆ ಕಲ್ಲನ್ನು ನನ್ನ ಅಂಗೈಯಲ್ಲಿ ಇಟ್ಟಳು. ನಾನು ತಿರುಗದೆಯೇ ಹಿಂದಕ್ಕೆ ನೀರಿಗೆ ಎಸೆದೆ, ಬುಳುಕ್ ಎಂದಿತು. ಅವಳ ಮೈಯೆಲ್ಲ ಹಿಗ್ಗಿತು. ಇನ್ನೊಂದು ತಂದಳು. ಮತ್ತೊಂದು ತಂದಳು.

ಆಮೇಲೆ ಕಲ್ಲು ಮರೆತು ನೀರಿಗೇ ಹೊರಟಳು. ತಲೆ ಬಗ್ಗಿಸಿ, ಇಳಿಜಾರಿನಲ್ಲಿ ನೇರ ನನ್ನ ಕಡೆಗೆ. ಬೆಂಚಿನಿಂದ ತೀನಾ ಅರ್ಧ ಎದ್ದಿದ್ದು ಕಂಡಿತು. ನಾನು ಅಂಗೈ ಎತ್ತಿದೆ. ಓಡಬೇಡ ಕಲ್ಲವ್ವ, ಹಿಡಿಯಬೇಡ, ಜರುಗಬೇಡ. ಹೆಲ್ಮಿ ಬಂದು ಧಡ್ಡನೆ ನನ್ನ ಹೊಟ್ಟೆಗೆ ಬಡಿದಳು. ಹಿಮ್ಮಡಿ ನೀರಿಗಿಳಿಯಿತು, ತಣ್ಣಗಿನ ನೀರು ಬೂಟಿನೊಳಗೆ ಬಂತು. ನಾನು ಬೀಳಲಿಲ್ಲ. ಅವಳು ತಲೆ ಎತ್ತಿದಳು. ನನ್ನ ಮುಖ ನೋಡಲಿಲ್ಲ, ಎತ್ತಿದ ಅಂಗೈ ನೋಡಿದಳು. ಒದ್ದೆ ಕೈಗವಸಿನ ತನ್ನ ಕೈಯನ್ನು ಅದಕ್ಕೆ ಒತ್ತಿ ಹಿಡಿದು ಅಲ್ಲೇ ನಿಂತಳು.

ಮರಗಳ ನಡುವೆ ಬಾಯಾರು ತಲೆಯಾಡಿಸಿದರು. ಪಾಸು ಎಂದು ತಿಳಿಯಿತು. ತಿಳಿದರೂ ಅಲ್ಲಿಂದ ಜರುಗಲಿಲ್ಲ, ಯಾಕೆಂದರೆ ಹೆಲ್ಮಿ ಆಗಲೇ ಮೇಲಕ್ಕೆ ಹತ್ತಿ ಇನ್ನೊಂದು ಓಟಕ್ಕೆ ತಿರುಗಿ ನಿಂತಿದ್ದಳು. ಮತ್ತೆ ಬಂದಳು, ಮತ್ತೆ ಬಡಿದಳು. ಮೂರನೆಯ ಸಲ ಬಂದಾಗ ಬೆಂಚಿನ ಕಡೆ ಒಮ್ಮೆ ಕಣ್ಣು ಹೋಯಿತು.

ತೀನಾ ಕಾಲು ಈಚೆ ತೆಗೆದು ತಿರುಗಿ ಕುಳಿತಿದ್ದಳು, ಸರೋವರಕ್ಕೆ ಬೆನ್ನು ಮಾಡಿ. ಎರಡೂ ಕೈಯಲ್ಲಿ ಲೋಟ ಹಿಡಿದು ಕಾಫಿ ಕುಡಿಯುತ್ತಿದ್ದಳು. ಹೆಲ್ಮಿ ಕಿರುಚುತ್ತ ಓಡಿ ಬಂದಳು. ತೀನಾ ತಿರುಗಿ ನೋಡಲಿಲ್ಲ.